ಒಂದು ತಾರ, ಮೂರು ಗೆರೆ

(ಬೀದರಿನಲ್ಲಿ ಒಂದು ಭಾನುವಾರ, ಕ್ಯಾಮೆರಾ ಹಿಡಿಯುವ ಗೆಳೆಯರ ಮುಂದೆ, ಕ್ಯಾಮೆರಾದ ಶಾರ್ಪ್‌ನೆಸ್ ಸೆಟ್ಟಿಂಗ್ ಬಗ್ಗೆ ಆಡಿದ ಮಾತು. ನಡುವೆ ಕರೆಂಟ್ ಹೋದದ್ದು, ಚಹಾ ಬಂದದ್ದು ಬಿಟ್ಟರೆ ಹೆಚ್ಚುಕಡಿಮೆ ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಲಗ್ನದ ಸೀಸನ್ ಮುಗಿದಿದೆ, ಅದಕ್ಕೇ ಇಷ್ಟು ಜನ ಬಂದಿದ್ದೀರಿ. ಸೀಸನ್ನಿನಲ್ಲಿ ಆಗಿದ್ದರೆ ಈ ಕೋಣೆಯಲ್ಲಿ ನಾನು, ಫ್ಯಾನು, ಇಬ್ಬರೇ ಇರುತ್ತಿದ್ದೆವು.

ಮೊದಲು ಈ ಡಬ್ಬಿ ನೋಡಿ. ಮುಷ್ಟಿಯಷ್ಟು ದೊಡ್ಡದು. ನಮ್ಮ ಊರಿನ ಬಿದ್ರಿ ಕೆಲಸ. ಕೈಯಿಂದ ಕೈಗೆ ದಾಟಿಸುತ್ತಾ ಹೋಗಿ, ಆದರೆ ಮುಚ್ಚಳ ಬೀಳಿಸಬೇಡಿ. ಮುಚ್ಚಳದ ಮೇಲೆ ಒಂದು ಬಳ್ಳಿ ಇದೆ, ಅಲ್ವಾ? ಅದು ಬಣ್ಣ ಅಲ್ಲ, ಬೆಳ್ಳಿಯ ತಾರ. ಕಪ್ಪು ಲೋಹದಲ್ಲಿ ಸಣ್ಣ ಕಾಲುವೆ ಕೊರೆದು, ಅದರೊಳಗೆ ತಾರ ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿದ್ದು. ಉಗುರಿನಿಂದ ಸವರಿ ನೋಡಿ. ಎಲ್ಲಿ ಲೋಹ ಮುಗಿಯಿತು, ಎಲ್ಲಿ ಬೆಳ್ಳಿ ಶುರುವಾಯಿತು ಅಂತ ಬೆರಳಿಗೆ ಗೊತ್ತೇ ಆಗುವುದಿಲ್ಲ. ಕಣ್ಣಿಗೆ ಮಾತ್ರ ಗೊತ್ತಾಗುತ್ತದೆ.

ಈ ತಾರದ ಮುಂದೆ ನನ್ನ ಮಾನ ಒಮ್ಮೆ ಹೋಗಿದೆ. ಇವತ್ತಿನ ಮಾತು ಅಲ್ಲಿಂದಲೇ ಶುರು.

ಕೆಲವು ವರ್ಷದ ಹಿಂದೆ ಒಬ್ಬ ಕುಶಲಕರ್ಮಿ ತಮ್ಮ ಹೂಜಿ, ತಟ್ಟೆ, ಡಬ್ಬಿಗಳ ಫೋಟೋ ತೆಗೆದುಕೊಡಿ ಅಂದರು. ಪ್ರದರ್ಶನಕ್ಕೆ ಒಂದು ಸಣ್ಣ ಪುಸ್ತಿಕೆ ಮಾಡಿಸುವ ಯೋಚನೆ ಅವರದ್ದು. ಸಣ್ಣ ಕೆತ್ತನೆ, ಚೆನ್ನಾಗಿ ಕಾಣಬೇಕು ಅಂತ ನಾನು ಕ್ಯಾಮೆರಾದ ಶಾರ್ಪ್‌ನೆಸ್ ಅನ್ನು ಕೊನೆಯ ತುದಿಗೆ ಎಳೆದೆ. 0ರಿಂದ 7ರವರೆಗೆ ಇರುವ ಪಟ್ಟಿಯಲ್ಲಿ 7. ಹಿಂದಿನ ಪರದೆಯಲ್ಲಿ ನೋಡಿದರೆ ಏನು ಚಂದ ಅಂತೀರಿ! ತಾರ ಎದ್ದು ನಿಂತ ಹಾಗೆ. ಜೆಪೆಗ್‌ನಲ್ಲೇ, ಅಂದರೆ ಕ್ಯಾಮೆರಾ ತಾನೇ ತಯಾರು ಮಾಡಿ ಮುಗಿಸಿ ಕೊಡುವ ಫೈಲಿನಲ್ಲೇ ತೆಗೆದೆ, ಪ್ರಿಂಟ್ ಹಾಕಿಸಿದೆ, ಕವರಿನಲ್ಲಿಟ್ಟು ಕೊಟ್ಟೆ. ಅವರು ಕೆತ್ತುವಾಗ ಬಳಸುವ ಭೂತಗನ್ನಡಿ ತೆಗೆದು ಒಂದು ಫೋಟೋದ ಮೇಲೆ ಹಿಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಸರ್, ನಾ ಒಂದೇ ತಾರ ಕೂಡ್ಸೀನಿ. ಇಲ್ಲಿ ಮೂರು ಕಾಣ್ಲತ್ತಾವಲ್ರಿ?"

ನಾನೂ ನೋಡಿದೆ. ಹೌದು, ಮೂರು. ತಾರದ ಎರಡೂ ಅಂಚು ಬೆಳ್ಳಗೆ ಉರಿಯುತ್ತಿದ್ದವು, ನಡುವಿನ ಬೆಳ್ಳಿ ಬೂದು ಬಣ್ಣಕ್ಕೆ ಇಳಿದಿತ್ತು. ಅದರ ಆಚೆ ಈಚೆ ಕಪ್ಪು ಲೋಹಕ್ಕೆ ಇನ್ನೂ ಕಪ್ಪಾದ ಒಂದು ಬಾರ್ಡರ್. ಅವರು ಮಾಡಿದ ಕೆಲಸ ಅದಾಗಿರಲಿಲ್ಲ. ನನ್ನ ಕ್ಯಾಮೆರಾ ಅವರ ಕೆಲಸದ ಮೇಲೆ ತಾನೇ ಕೆತ್ತಿತ್ತು. ತಿದ್ದೋಣ ಅಂದರೆ ಇದ್ದದ್ದು ಜೆಪೆಗ್ ಒಂದೇ. ಎರಡು ಹೂಜಿ ಅಷ್ಟರಲ್ಲಿ ಮಾರಿಹೋಗಿದ್ದವು. ಉಳಿದದ್ದನ್ನು ಮತ್ತೆ ತೆಗೆದೆ, ದುಡ್ಡು ಕೇಳುವ ಮುಖ ಇರಲಿಲ್ಲ.

ಹಾಗಾದರೆ ಆ ಸೆಟ್ಟಿಂಗ್ ಮಾಡುವುದಾದರೂ ಏನು?

ನಮ್ಮಲ್ಲಿ ಅರ್ಧ ಜನ ಶಾರ್ಪ್‌ನೆಸ್ ಅಂದರೆ ಫೋಕಸ್ ಅಂದುಕೊಂಡಿದ್ದಾರೆ. ಅದನ್ನು ಜಾಸ್ತಿ ಮಾಡಿದರೆ ಲೆನ್ಸ್ ಇನ್ನೂ ಚೆನ್ನಾಗಿ ನೋಡುತ್ತದೆ ಅಂತ. ಇಲ್ಲ. ಲೆನ್ಸಿಗೂ ಆ ಅಂಕಿಗೂ ಸಂಬಂಧವೇ ಇಲ್ಲ. ಫೋಟೋ ತೆಗೆದಾದ ಮೇಲೆ, ಜೆಪೆಗ್ ತಯಾರಾಗುವ ಹೊತ್ತಿಗೆ, ಕ್ಯಾಮೆರಾದೊಳಗಿನ ಪ್ರೊಸೆಸರ್ ಮಾಡುವ ಸಿಂಗಾರ ಅದು. ಕಣ್ಣಿಗೆ ಕಾಡಿಗೆ ಹಚ್ಚಿದ ಹಾಗೆ. ಕಾಡಿಗೆ ಹಚ್ಚಿದರೆ ಕಣ್ಣು ದೊಡ್ಡದಾಗುತ್ತದಾ? ಆಗುವುದಿಲ್ಲ, ಹಾಗೆ ಕಾಣುತ್ತದೆ. ಅಂಚು ಎದ್ದು ಕಂಡರೆ ಸಾಕು, ನೋಡುವವರು ಮೋಸಹೋಗುತ್ತಾರೆ.

ಲೆಕ್ಕದಲ್ಲಿ ಹೇಳುತ್ತೇನೆ. ಕಪ್ಪು ಅಂದರೆ 0, ಬಿಳಿ ಅಂದರೆ 255 ಅಂತ ಇಟ್ಟುಕೊಳ್ಳಿ. ಒಂದು ಗೋಡೆ 100, ಪಕ್ಕದ ಗೋಡೆ 150. ಎರಡೂ ಸೇರುವ ಕಡೆ ಕ್ಯಾಮೆರಾ ಏನು ಮಾಡುತ್ತದೆ? 100ರ ಕಡೆ ಅಂಚಿನಲ್ಲಿ ಮಾತ್ರ 85ಕ್ಕೆ ಇಳಿಸುತ್ತದೆ. 150ರ ಕಡೆ ಅಂಚಿನಲ್ಲಿ ಮಾತ್ರ 165ಕ್ಕೆ ಏರಿಸುತ್ತದೆ. ಮೊದಲು 50 ಇದ್ದ ವ್ಯತ್ಯಾಸ ಅಂಚಿನಲ್ಲಿ 80 ಆಯಿತು. ಅಷ್ಟೇ ಕಥೆ. ಹೊಸದಾಗಿ ಒಂದು ಚೂರು ವಿವರವೂ ಬಂದಿಲ್ಲ. ಅಂಕಿ ಜಾಸ್ತಿ ಮಾಡಿದಷ್ಟೂ ಈ ಏರಿಳಿತ ಜಾಸ್ತಿ. ಒಂದು ಹಂತ ದಾಟಿದರೆ ಅದೇ ಬರಿಗಣ್ಣಿಗೆ ಗೆರೆಯಾಗಿ ಕಾಣುತ್ತದೆ. ಅದಕ್ಕೆ ಹೇಲೋ ಅಂತಾರೆ. ನನ್ನ ತಾರ ಮೂರಾದದ್ದು ಹೀಗೆ.

ಇದು ಡಿಜಿಟಲ್ ಬಂದ ಮೇಲೆ ಹುಟ್ಟಿದ ಚಾಳಿ ಅಲ್ಲ. ಫಿಲ್ಮ್ ಕಾಲದಲ್ಲೂ ಡಾರ್ಕ್‌ರೂಮಿನಲ್ಲಿ ಮಾಡುತ್ತಿದ್ದರು. ನೆಗೆಟಿವ್‌ನಿಂದ ಬೇಕಂತಲೇ ಮಸುಕಾದ ಒಂದು ಪಾಸಿಟಿವ್ ಮಾಡಿ, ಎರಡನ್ನೂ ಒಂದರ ಮೇಲೊಂದು ಕೂರಿಸಿ ಪ್ರಿಂಟ್ ಹಾಕುತ್ತಿದ್ದರು. ಆ ಮಸುಕಾದ ಪ್ರತಿಗೇ ಅನ್‌ಶಾರ್ಪ್ ಮಾಸ್ಕ್ ಅಂತ ಹೆಸರು. ಫೋಟೋಶಾಪ್‌ನಲ್ಲಿ ಅದೇ ಹೆಸರು ನೋಡಿ, ಶಾರ್ಪ್ ಮಾಡುವುದಕ್ಕೆ ಅನ್‌ಶಾರ್ಪ್ ಯಾಕಂದರು ಅಂತ ನಾನು ಎಷ್ಟೋ ವರ್ಷ ತಲೆ ಕೆರೆದುಕೊಂಡಿದ್ದೆ.

ಹಾಗಂತ ಈ ಸಿಂಗಾರವೇ ಬೇಡ ಅನ್ನುವ ಹಾಗೂ ಇಲ್ಲ. ಸೆನ್ಸರ್ ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್ಪು, ಅದರ ಒಂದೊಂದು ಪಿಕ್ಸೆಲ್, ಅಂದರೆ ಚುಕ್ಕೆ, ಒಂದೊಂದೇ ಬಣ್ಣ ನೋಡುತ್ತದೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅನ್ನುವವರು 1976ರಲ್ಲಿ ಪೇಟೆಂಟ್ ಪಡೆದ ಜೋಡಣೆ ಅದು, ಇವತ್ತಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿ ಅದೇ. ನಿಮ್ಮ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಸುಮಾರು 1 ಕೋಟಿ 20 ಲಕ್ಷ ಪಿಕ್ಸೆಲ್‌ಗೆ ಹಸಿರು ಮಾತ್ರ ಗೊತ್ತು, 60 ಲಕ್ಷಕ್ಕೆ ಕೆಂಪು, ಇನ್ನು 60 ಲಕ್ಷಕ್ಕೆ ನೀಲಿ. ಉಳಿದ ಬಣ್ಣವನ್ನು ಪಕ್ಕದವರನ್ನು ಕೇಳಿ ಅಂದಾಜು ಮಾಡಬೇಕು. ಅಂದಾಜು ಅಂದರೆ ಅಂಚು ಸ್ವಲ್ಪ ಮಸುಕು. ಜೊತೆಗೆ ಎಷ್ಟೋ ಕ್ಯಾಮೆರಾಗಳ ಸೆನ್ಸರ್ ಮುಂದೆ ಬೇಕಂತಲೇ ಒಂಚೂರು ಮಸುಕು ಮಾಡುವ ಲೋ-ಪಾಸ್ ಫಿಲ್ಟರ್ ಇರುತ್ತದೆ. ಅದು ಇಲ್ಲದಿದ್ದರೆ ರೇಷ್ಮೆ ಸೀರೆಯ ನೇಯ್ಗೆಯಲ್ಲಿ ಕಾಮನಬಿಲ್ಲಿನ ಅಲೆ ಬರಬಹುದು, ಮ್ವಾರೆ ಅಂತ. 2013ರಲ್ಲಿ ಬಂದ ನಿಕಾನ್ ಡಿ7100ರಂಥವು ಆ ಫಿಲ್ಟರ್ ಬಿಟ್ಟೇ ಬಂದವು. ಒಟ್ಟಿನಲ್ಲಿ ಸೆನ್ಸರ್‌ನಿಂದ ಬಂದ ಚಿತ್ರ ಆಗತಾನೇ ಎದ್ದ ಮುಖದ ಹಾಗೆ. ಸ್ವಲ್ಪ ನೀರು ಹಾಕಿ ತೊಳೆಯಲೇಬೇಕು. ಉಜ್ಜಿ ಉಜ್ಜಿ ಚರ್ಮ ಕೀಳಬಾರದು ಅಷ್ಟೇ.

ಈಗ ಮೆನುವಿನಲ್ಲಿ ಚಿತ್ರದ ಶೈಲಿ ಆರಿಸುವ ಪಟ್ಟಿ ತೆಗೆಯಿರಿ. ಕ್ಯಾನನ್‌ನವರಿಗೆ ಪಿಕ್ಚರ್ ಸ್ಟೈಲ್, ನಿಕಾನ್‌ನವರಿಗೆ ಪಿಕ್ಚರ್ ಕಂಟ್ರೋಲ್. ಸೋನಿಯಲ್ಲಿ ಹಳೆಯದಾದರೆ ಕ್ರಿಯೇಟಿವ್ ಸ್ಟೈಲ್, ಹೊಸದಾದರೆ ಕ್ರಿಯೇಟಿವ್ ಲುಕ್. ಅದರೊಳಗೆ ಹೋದರೆ ಶಾರ್ಪ್‌ನೆಸ್ ಸಿಗುತ್ತದೆ.

ಇಲ್ಲಿ ಒಂದು ಗುಂಡಿ ಇದೆ, ನಾನು ಬಿದ್ದಿದ್ದೇನೆ. ಸೊನ್ನೆ ಅಂದರೆ ಎಲ್ಲ ಕಂಪನಿಯಲ್ಲೂ ಒಂದೇ ಅಲ್ಲ. ಹಳೆಯ ಕ್ಯಾನನ್‌ನಲ್ಲಿ 0ರಿಂದ 7. ಅಲ್ಲಿ 0 ಅಂದರೆ ತೀರಾ ಕೆಳಗಿನ ಮೆಟ್ಟಿಲು. ಸ್ಟ್ಯಾಂಡರ್ಡ್ ಶೈಲಿಗೆ 3, ಪೋರ್ಟ್ರೇಟ್‌ಗೆ 2, ಲ್ಯಾಂಡ್‌ಸ್ಕೇಪ್‌ಗೆ 4, ನ್ಯೂಟ್ರಲ್‌ಗೆ 0 ಅಂತ ಕಂಪನಿಯವರೇ ಇಟ್ಟಿರುತ್ತಾರೆ. ಆದರೆ ಹಳೆಯ ಸೋನಿಯಲ್ಲಿ ಮೈನಸ್ 3ರಿಂದ ಪ್ಲಸ್ 3. ಅಲ್ಲಿ 0 ಅಂದರೆ ನಟ್ಟನಡುವೆ! ಫ್ಯೂಜಿಯಲ್ಲೂ ಹಾಗೇ, ಹೊಸವುಗಳಲ್ಲಿ ಮೈನಸ್ 4ರಿಂದ ಪ್ಲಸ್ 4. ಒಂದು ಲಗ್ನಕ್ಕೆ ನನ್ನದು ಕ್ಯಾನನ್, ಜೊತೆಗೆ ಬಂದ ಹುಡುಗನದು ಸೋನಿ. "ಶಾರ್ಪ್‌ನೆಸ್ ಸೊನ್ನೆ ಇಡು" ಅಂದೆ. ಇಟ್ಟ ಪಾಪ. ಆಲ್ಬಂ ಮಾಡುವಾಗ ನೋಡಿದರೆ ನನ್ನ ಮದುಮಗಳು ಹಾಲಿನಲ್ಲಿ ಅದ್ದಿದ ಹಾಗೆ, ಅವನ ಮದುಮಗಳು ಉಳಿಯಿಂದ ಕಡೆದ ಹಾಗೆ. ಒಂದೇ ಹುಡುಗಿ, ಒಂದೇ ಮಂಟಪ. ಅದಕ್ಕೇ ಎರಡು ಕ್ಯಾಮೆರಾ ಒಯ್ಯುವವರು ಅಂಕಿ ಹೊಂದಿಸಲು ಹೋಗಬೇಡಿ. ಒಂದೇ ಮುಖವನ್ನು ಎರಡರಲ್ಲೂ ತೆಗೆದು, ಚಿತ್ರ ಹೊಂದಿಸಿ.

ಹೊಸ ಕ್ಯಾನನ್‌ಗಳಲ್ಲಿ ಒಂದರ ಬದಲು ಮೂರು ಅಂಕಿ ಇವೆ. ಸ್ಟ್ರೆಂತ್, ಫೈನ್‌ನೆಸ್, ಥ್ರೆಶೋಲ್ಡ್. ಇದನ್ನು ಬಿದ್ರಿಯವರ ಭಾಷೆಯಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಸ್ಟ್ರೆಂತ್ ಅಂದರೆ ಸುತ್ತಿಗೆ ಎಷ್ಟು ಜೋರು ಅಂತ. ಫೈನ್‌ನೆಸ್ ಅಂದರೆ ಉಳಿಯ ಮೂತಿ ಎಷ್ಟು ಸಣ್ಣದು ಅಂತ. ಅಂಕಿ ಕಡಿಮೆ ಆದಷ್ಟೂ ಸಣ್ಣ ಗೆರೆಯನ್ನೂ ಹಿಡಿಯುತ್ತದೆ. ಥ್ರೆಶೋಲ್ಡ್ ಅಂದರೆ ಎಲ್ಲಿ ಕೈ ಹಚ್ಚಬೇಕು, ಎಲ್ಲಿ ಬಿಡಬೇಕು ಅನ್ನುವ ತಿಳಿವಳಿಕೆ. ಅಕ್ಕಪಕ್ಕದ ವ್ಯತ್ಯಾಸ ಎಷ್ಟಿದ್ದರೆ ಅದು ಅಂಚು ಅಂತ ಲೆಕ್ಕ? ಥ್ರೆಶೋಲ್ಡ್ ತೀರಾ ಕೆಳಗಿಟ್ಟರೆ ಕೆನ್ನೆಯ ಮೇಲಿನ ರಂಧ್ರವೂ ಅಂಚೇ, ಕತ್ತಲೆಯಲ್ಲಿ ಬಂದ ಗ್ರೇನ್, ಅಂದರೆ ಪುಡಿ ಪುಡಿ ಚುಕ್ಕೆ ಕೂಡ ಅಂಚೇ. ಈ ಮೂರರಲ್ಲಿ ಜನ ಮುಟ್ಟುವುದು ಸ್ಟ್ರೆಂತ್ ಒಂದನ್ನೇ. ನನ್ನ ಕೇಳಿದರೆ ಲಗ್ನದವರು ಮೊದಲು ಮುಟ್ಟಬೇಕಾದದ್ದು ಥ್ರೆಶೋಲ್ಡ್. ಒಂದು ಮೆಟ್ಟಿಲು ಮೇಲಕ್ಕೆತ್ತಿ ನೋಡಿ. ಚರ್ಮ ತಣ್ಣಗಿರುತ್ತದೆ, ಜರಿ ಅಂಚು ಮಾತ್ರ ಮಿನುಗುತ್ತದೆ. ನಿಕಾನ್‌ನ ಹೊಸವುಗಳಲ್ಲಿ ಶಾರ್ಪನಿಂಗ್, ಮಿಡ್-ರೇಂಜ್ ಶಾರ್ಪನಿಂಗ್, ಕ್ಲಾರಿಟಿ ಅಂತ ಬೇರೆ ಬೇರೆ ಇವೆ. ಮುಖ ತೆಗೆಯುವವರು ಕ್ಲಾರಿಟಿ ಹತ್ತಿರ ಹೋಗದಿದ್ದರೆ ಒಳ್ಳೆಯದು. ಅಜ್ಜಿಯ ವಯಸ್ಸು ಹತ್ತು ವರ್ಷ ಜಾಸ್ತಿ ಆಗುತ್ತದೆ. ಅಜ್ಜಿ ಸುಮ್ನೆ ಬಿಡುವುದಿಲ್ಲ.

ಯಾವ ಅಂಕಿ ಸರಿ ಅಂತ ಮನೆಯಲ್ಲೇ ನೋಡುವ ದಾರಿ ಇದೆ, ಖರ್ಚಿಲ್ಲ. ನಮ್ಮ ಕಡೆ ಯಾರ ಮನೆಯಲ್ಲಿ ತೊಗರಿ ಇಲ್ಲ? ಒಂದು ಸ್ಟೀಲ್ ತಟ್ಟೆಯಲ್ಲಿ ಇಡೀ ತೊಗರಿ ಕಾಳು ಹರಡಿ. ಬೇಳೆ ಅಲ್ಲ, ಸಿಪ್ಪೆ ಇರುವ ಕಾಳು. ಪಕ್ಕದಲ್ಲಿ ಒಂದು ಲಗ್ನಪತ್ರಿಕೆ ಇಡಿ. ಕಿಟಕಿಯ ಬೆಳಕು ಸಾಕು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, ಎಫ್/8 (ಲೆನ್ಸಿನ ತೂತಿನ ಅಳತೆ, ಅಂಕಿ ಏರಿದಷ್ಟೂ ತೂತು ಸಣ್ಣದು), ಐಎಸ್‌ಓ 100 (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ಅಂಕಿ), ಎರಡು ಸೆಕೆಂಡ್ ಟೈಮರ್. ಕೆಳಗಿನ ಅಂಕಿಯಿಂದ ಮೇಲಿನ ಅಂಕಿಯವರೆಗೆ ಒಂದೊಂದು ಫೋಟೋ. ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಹಿಗ್ಗಿಸಿ ನೋಡಿ. ನಾನು ಮಾಡಿದಾಗ 0ಯಲ್ಲಿ ಕಾಳು ಮೇಣದ ಹಾಗಿತ್ತು. 2, 3ಕ್ಕೆ ಸಿಪ್ಪೆಯ ಸಣ್ಣ ಚುಕ್ಕೆ, ಮೂಗಿನ ಬಿಳಿ ಗೆರೆ ಕಂಡವು. 5 ದಾಟಿದ ಮೇಲೆ ಪ್ರತಿ ಕಾಳಿನ ಸುತ್ತ ಯಾರೋ ಬಾಲ್‌ಪೆನ್ನಿನಿಂದ ಸುತ್ತು ಹಾಕಿದಂತಿತ್ತು. ಲಗ್ನಪತ್ರಿಕೆಯ ಅಕ್ಷರ ಇನ್ನೂ ಚೆನ್ನಾಗಿ ಹೇಳುತ್ತದೆ. "ಶ್ರೀ" ಅಕ್ಷರದ ಸುತ್ತ ಕಾಗದಕ್ಕಿಂತ ಬೆಳ್ಳಗಿನ ಒಂದು ನೆರಳು ಬಂತಾ? ಅಲ್ಲಿಂದ ಎರಡು ಮೆಟ್ಟಿಲು ಇಳಿಯಿರಿ. ಅದು ನಿಮ್ಮ ಕ್ಯಾಮೆರಾದ ಜಾಗ.

ಒಂದು ಎಚ್ಚರಿಕೆ. ಕ್ಯಾಮೆರಾದ ಹಿಂದಿನ ಸಣ್ಣ ಪರದೆಯನ್ನು ನಂಬಬೇಡಿ. ಅಷ್ಟು ಸಣ್ಣದರಲ್ಲಿ 7 ಕೂಡ ಚಂದವೇ ಕಾಣುತ್ತದೆ. ನನ್ನನ್ನು ಹಾಳು ಮಾಡಿದ್ದು ಅದೇ.

ಈಗ ಈ ಅಂಕಿಯಿಂದ ಆಗದ ಕೆಲಸದ ಬಗ್ಗೆ. ಚಿತ್ರ ಮಸುಕಾಗಿದೆ ಅಂದ ಕೂಡಲೇ ಶಾರ್ಪ್‌ನೆಸ್ ಮೇಲೆ ಕೈ ಹೋಗುತ್ತದೆ. ಮಸುಕು ಎಲ್ಲಿಂದ ಬಂತು ಅಂತ ಮೊದಲು ಕೇಳಿ. ಕೈ ನಡುಗಿದ್ದರೆ ಅಂಕಿ ಏನೂ ಮಾಡುವುದಿಲ್ಲ, ನಡುಗಿದ್ದಕ್ಕೇ ಬಾರ್ಡರ್ ಹಾಕಿ ಕೊಡುತ್ತದೆ. ಫೋಕಸ್ ಮೂಗಿನ ಮೇಲೆ ಬಿದ್ದು ಕಣ್ಣು ತಪ್ಪಿದ್ದರೂ ಅಷ್ಟೇ. ಇನ್ನು ಕೆಲವರು ಎಲ್ಲ ಶಾರ್ಪ್ ಬರಲಿ ಅಂತ ಎಫ್/22ಕ್ಕೆ ಹೋಗುತ್ತಾರೆ. ಅಷ್ಟು ಸಣ್ಣ ತೂತಿನಲ್ಲಿ ಬೆಳಕೇ ಚದುರುತ್ತದೆ, ಇಡೀ ಚಿತ್ರ ಮಸುಕಾಗುತ್ತದೆ. ಡಬ್ಬಿ, ಹೂಜಿಗೆ ನಾನು ಎಫ್/8ರಿಂದ 11ರ ಆಚೆ ಹೋಗುವುದಿಲ್ಲ.

ಇನ್ನೊಂದು ನಮ್ಮ ಕಡೆಯದೇ ಆದ ಕಾಟ. ಬಿಸಿಲುಗುದುರೆ. ಏಪ್ರಿಲ್ ಮಧ್ಯಾಹ್ನ, ಉಳುಮೆ ಮಾಡಿ ಬಿಟ್ಟ ಹೊಲ, ಅದರಾಚೆ ಚಿಗರಿ ಹಿಂಡು. ಬೀದರಿನ ಸುತ್ತ ಇದು ಯಾರಿಗೆ ಗೊತ್ತಿಲ್ಲ? ನಾಲ್ಕುನೂರು ಎಂಎಂ ಲೆನ್ಸ್ ಹಾಕಿ, ಸ್ಟ್ಯಾಂಡಿನ ಮೇಲಿಟ್ಟು, ಉಸಿರು ಹಿಡಿದು ತೆಗೆದರೂ ಚಿಗರಿಯ ಕಾಲು ನೀರಿನಲ್ಲಿ ಅಲ್ಲಾಡಿದಂತೆ ಬರುತ್ತದೆ. ನನಗೆ ಗೊತ್ತಿರುವ ಒಬ್ಬರು ಲೆನ್ಸೇ ಕೆಟ್ಟಿದೆ ಅಂತ ಹೈದರಾಬಾದಿಗೆ ರಿಪೇರಿಗೆ ಕಳಿಸಿದರು. ಅಲ್ಲಿಂದ ಏನೂ ಆಗಿಲ್ಲ ಅಂತ ವಾಪಸ್ ಬಂತು. ಬಿಸಿ ನೆಲದ ಮೇಲಿನ ಗಾಳಿ ಕುದಿಯುತ್ತಿದ್ದರೆ ಯಾವ ಲೆನ್ಸೂ, ಯಾವ ಅಂಕಿಯೂ ನೆಟ್ಟಗೆ ಮಾಡಲಾರದು. ಬೆಳಿಗ್ಗೆ ಏಳರೊಳಗೆ ಹೋಗಿ. ಇಲ್ಲಾ, ಹತ್ತಿರ ಬರುವವರೆಗೆ ಕಾಯಿರಿ.

ಕತ್ತಲೆಯ ವಿಷಯಕ್ಕೆ ಬರೋಣ. ಕೋಟೆಯೊಳಗಿನ ರಂಗೀನ್ ಮಹಲ್ ಗೊತ್ತಲ್ಲ. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ. ಬಿದ್ರಿಯ ಅಣ್ಣ ಅನ್ನಬಹುದು, ಲೋಹದ ಬದಲು ಕಲ್ಲು, ಬೆಳ್ಳಿಯ ಬದಲು ಚಿಪ್ಪು. ಒಳಗೆ ಬೆಳಕು ಕಡಿಮೆ. ಐಎಸ್‌ಓ 3200 ಇಡಲೇಬೇಕಾಗುತ್ತದೆ. ಆಗ ಕ್ಯಾಮೆರಾದೊಳಗೆ ಎರಡು ಮಂದಿ ಜಗಳಕ್ಕೆ ಬೀಳುತ್ತಾರೆ. ನಾಯ್ಸ್ ರಿಡಕ್ಷನ್ ಗ್ರೇನ್ ಅಳಿಸಲು ಹೋಗಿ ಚಿಪ್ಪಿನ ಸಣ್ಣ ಹೊಳಪನ್ನೂ ಒರೆಸುತ್ತದೆ. ಶಾರ್ಪ್‌ನೆಸ್ ಬಂದು ಅಳಿಯದೆ ಉಳಿದ ಗ್ರೇನ್‌ಗೆಲ್ಲ ಅಂಚು ಕಟ್ಟುತ್ತದೆ. ಕಪ್ಪು ಕಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಆಗುತ್ತದೆ. ಐಎಸ್‌ಓ ಏರಿದರೆ ಶಾರ್ಪ್‌ನೆಸ್ ಇಳಿಸಿ. ಎರಡನ್ನೂ ಒಟ್ಟಿಗೆ ಏರಿಸಬೇಡಿ. ಕೋಟೆಯ ಕೆಂಪು ಕಲ್ಲಿನ ಗೋಡೆಗೂ ಇದೇ ಮಾತು. ಆ ಕಲ್ಲಿನ ಮೈಯೆಲ್ಲ ತೂತು. ಒಂದೊಂದು ತೂತಿಗೂ ಕಪ್ಪು ಬಿಳಿ ಬಾರ್ಡರ್ ಬಂದರೆ ನೋಡಲಾಗುವುದಿಲ್ಲ. ಮಹಮೂದ್ ಗಾವಾನ್ ಮದ್ರಸಾದ ಮಿನಾರಿನಲ್ಲಿ ಉಳಿದಿರುವ ನೀಲಿ ಹೆಂಚಿನ ಚೂರುಗಳನ್ನು 1472ರ ಕೆಲಸ ಅಂತ ಭಕ್ತಿಯಿಂದ ತೆಗೆಯುತ್ತೇವೆ. ಶಾರ್ಪ್‌ನೆಸ್ ಜಾಸ್ತಿಯಾದರೆ ಬಣ್ಣ ಕಾಣುವ ಮೊದಲು ಬಿರುಕೇ ಕಣ್ಣಿಗೆ ಹೊಡೆಯುತ್ತದೆ.

ರಾ ಫೈಲಿನ ಬಗ್ಗೆ, ಅಂದರೆ ಸೆನ್ಸರ್ ಹಿಡಿದದ್ದನ್ನು ಸಿಂಗಾರ ಮಾಡದೆ ಹಾಗೇ ಇಟ್ಟುಕೊಡುವ ಫೈಲಿನ ಬಗ್ಗೆ, ಇಷ್ಟೇ. ರಾ ತೆಗೆದರೆ ಈ ಅಂಕಿ ಚಿತ್ರಕ್ಕೆ ಅಂಟುವುದಿಲ್ಲ. ಪರದೆಯಲ್ಲಿ ಕಾಣುವ ಪ್ರಿವ್ಯೂಗೆ ಮಾತ್ರ. ಕಂಪನಿಯವರದ್ದೇ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಅಂಕಿಯನ್ನು ಓದಿಕೊಳ್ಳುತ್ತದೆ, ಅಲ್ಲೂ ಬದಲಾಯಿಸಬಹುದು. ಹಾಗಾಗಿ ಬಿದ್ರಿ, ಶಿಲ್ಪ, ಹೆಂಚು ಇಂಥದ್ದಕ್ಕೆ ಈಗ ನಾನು ರಾ ಬಿಟ್ಟು ಬೇರೆ ತೆಗೆಯುವುದಿಲ್ಲ. ಶಾರ್ಪ್ ಮಾಡುವುದು ಕೊನೆಗೆ, ಚಿತ್ರ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾದ ಮೇಲೆ. ಮೊಬೈಲಿಗೆ ಸಣ್ಣದು ಮಾಡಿ ಕಳಿಸುವುದಕ್ಕೆ ಒಂದು ಹದ. 12 ಇಂಚು 18 ಇಂಚಿನ ಆಲ್ಬಂ ಪುಟಕ್ಕೆ ಇನ್ನೊಂದು. ಇಂಚಿಗೆ 300 ಚುಕ್ಕೆ ಲೆಕ್ಕದಲ್ಲಿ ಆ ಪುಟಕ್ಕೆ 3600 ಇಂಟು 5400 ಪಿಕ್ಸೆಲ್ ಬೇಕು, ಕಾಗದದ ಮೇಲೆ ಶಾಯಿ ಸ್ವಲ್ಪ ಹರಡುತ್ತದೆ, ಹಾಗಾಗಿ ಪರದೆಗಿಂತ ಒಂಚೂರು ಜಾಸ್ತಿ ಶಾರ್ಪ್ ತಡೆಯುತ್ತದೆ.

ಆದರೆ ಎಲ್ಲರೂ ರಾ ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ಎರಡು ದಿನದ ಲಗ್ನ, ಮೂರು ಸಾವಿರ ಫೋಟೋ, ನಾಳೆ ಬೆಳಿಗ್ಗೆ ಕೊಡಿ ಅನ್ನುವ ಮನೆಯವರು. ಅಲ್ಲಿ ಜೆಪೆಗ್ಗೇ ದೇವರು. ಅಂಥವರು ಸೊನ್ನೆ ಇಟ್ಟು ಶುದ್ಧವಾಗಿರುವ ವ್ರತ ಮಾಡಬೇಡಿ. ಪೋರ್ಟ್ರೇಟ್ ಇಟ್ಟು 2 ಅಥವಾ 3 ಕೊಡಿ, ನಿಮ್ಮ ತೊಗರಿ ತಟ್ಟೆ ಏನು ಹೇಳಿತೋ ಅದು.

ಆಮೇಲೆ ಒಂದಿಷ್ಟು ಪ್ರಶ್ನೆ ಬಂದವು. ನೆನಪಿದ್ದಷ್ಟು ಬರೆಯುತ್ತೇನೆ.

ಕಲಬುರಗಿಯಿಂದ ಬಂದಿದ್ದ ಒಬ್ಬ ಹುಡುಗ ಎದ್ದು ನಿಂತ. "ಸರ್, ಮದುಮಗಳ ತಮ್ಮ ತನ್ನ ಮೊಬೈಲ್ ತೋರ್ಸಿ, ನಿಮ್ಮ ಕ್ಯಾಮೆರಾಕ್ಕಿಂತ ನಂದೇ ಶಾರ್ಪ್ ಅದ ಅಂತಾನ್ರಿ. ಏನ್ ಹೇಳ್ಬೇಕು?" ಎಲ್ಲರೂ ನಕ್ಕರು, ಯಾಕಂದರೆ ಎಲ್ಲರಿಗೂ ಆ ತಮ್ಮ ಸಿಕ್ಕಿದ್ದಾನೆ. ಮೊಬೈಲಿನ ಸೆನ್ಸರ್ ಉಗುರಿನಷ್ಟು. ಕಡಿಮೆ ಇರುವುದನ್ನು ಅದು ಕಾಡಿಗೆ ಬಳಿದೇ ತುಂಬಿಕೊಳ್ಳುತ್ತದೆ. ಹುಡುಗಿಯ ಹಣೆಯ ಮೇಲಿನ ಕೂದಲನ್ನು ಎರಡರಲ್ಲೂ ಹಿಗ್ಗಿಸಿ ತೋರಿಸು ಅಂದೆ. ಒಂದರಲ್ಲಿ ಕೂದಲು ಇರುತ್ತದೆ, ಇನ್ನೊಂದರಲ್ಲಿ ತಂತಿ. ತಮ್ಮ ಒಪ್ಪುತ್ತಾನೋ ಇಲ್ಲವೋ, ಅಕ್ಕ ಒಪ್ಪುತ್ತಾಳೆ.

ವಿಡಿಯೋಕ್ಕೆ ಎಷ್ಟು ಅಂತ ಇನ್ನೊಬ್ಬರು. ವಿಡಿಯೋಕ್ಕೆ ಇನ್ನೂ ಕೆಳಗೆ ಇಳಿಸಿ, ಯಾಕಂದರೆ ಸಾಮಾನ್ಯವಾಗಿ ಅಲ್ಲಿ ರಾ ಇರುವುದಿಲ್ಲ, ಅಂಕಿ ಗಟ್ಟಿಯಾಗಿ ಅಂಟಿಬಿಡುತ್ತದೆ. ಬಾರ್ಡರ್ ಬಂದ ಅಂಚು ಕ್ಯಾಮೆರಾ ತಿರುಗಿಸಿದಾಗ ಇರುವೆ ಸಾಲಿನಂತೆ ಹರಿದಾಡುತ್ತದೆ. ಸ್ಟೇಜಿನ ಎಲ್‌ಇಡಿ ಗೋಡೆಗೆ ಹೋಗುವುದಾದರೆ ಯೋಚನೆಯೇ ಬೇಡ, ಆ ಗೋಡೆಯ ಒಂದು ಚುಕ್ಕೆಯೇ ಎರಡು ಮೂರು ಮಿಲಿಮೀಟರ್ ಇರುತ್ತದೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ. ಆ ಬಿದ್ರಿಯವರು ಆಮೇಲೆ ಒಪ್ಪಿದರಾ ಅಂತ. ಎರಡನೇ ಸಲ ನಾನು ಶಾರ್ಪ್‌ನೆಸ್ ಬಿಟ್ಟು ಬೆಳಕಿನ ಹಿಂದೆ ಬಿದ್ದೆ. ಸತು, ತಾಮ್ರದ ಲೋಹಕ್ಕೆ ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚಿದಾಗ ಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಅಂಚನ್ನು ಅವರೇ ಮಾಡಿ ಕೊಟ್ಟಿದ್ದಾರೆ, ನಾನು ಇನ್ನೇನು ಗೆರೆ ಎಳೆಯಬೇಕು? ಒಂದು ಬಿಳಿ ಪಂಚೆ ಕಟ್ಟಿ, ಕಿಟಕಿಯ ಬೆಳಕನ್ನು ಪಕ್ಕದಿಂದ ಹಾಯಿಸಿದೆ. ಅವರು ಮತ್ತೆ ಭೂತಗನ್ನಡಿ ಹಿಡಿದರು. ತಾರ ಎಣಿಸಿದರು ಅಂತ ಕಾಣುತ್ತದೆ. "ಈಗ ನಂದೇ ಅದ" ಅಂದರು. ಆ ಡಬ್ಬಿಯನ್ನೂ ಆವತ್ತೇ ಕೊಟ್ಟದ್ದು.

ಅಂದಹಾಗೆ ಡಬ್ಬಿ ಈಗ ಯಾರ ಹತ್ತಿರ ಇದೆ?